ಸ್ಟೂಲಿನ ಬಿಸಿ

ವಕೀಲರ ಆಫೀಸಿನ ಹುಡುಗಿ ಬಾಗಿಲಲ್ಲಿ ಕಂಡದ್ದೇ ತಡ, ನಾನು ಎದ್ದು ನಿಂತೆ. ಮಡಿಲಲ್ಲಿದ್ದ ಗುಂಡಿಗಳೆಲ್ಲ ನೆಲಕ್ಕೆ ಬಿದ್ದು ಮೂಲೆ ಮೂಲೆಗೆ ಉರುಳಿದವು.

"ಅಯ್ಯೋ, ಕೂತ್ಕೊಳ್ಳಿ ಅಮ್ಮಾ. ನನಗ್ಯಾಕೆ ಏಳ್ತೀರಾ?" ಅಂದಳು.

ಅವಳಿಗೆ ಮರ್ಯಾದೆ ಕೊಡಲು ಎದ್ದದ್ದಲ್ಲ ಎಂದು ಹೇಗೆ ಹೇಳುವುದು? ಹದಿನಾರು ವರ್ಷ ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ ನಿಂತವಳು ನಾನು. ಬಾಗಿಲಲ್ಲಿ ಯಾರದಾದರೂ ನೆರಳು ಬಿದ್ದರೆ ಮೊದಲು ನನ್ನ ಮೊಣಕಾಲು ಏಳುತ್ತದೆ, ಆಮೇಲೆ ನಾನು ಏಳುತ್ತೇನೆ. ಹಾಲಿನವನು ಬಂದರೂ ಏಳುತ್ತೇನೆ. ಪಕ್ಕದ ಮನೆಯ ಕೂಸು ಅಂಬೆಗಾಲಿಟ್ಟು ಬಂದರೂ ಏಳುತ್ತೇನೆ. "ಅಮ್ಮಾ, ಬೆಕ್ಕು ಬಂದಿದೆ, ಯಾವ ಬಟ್ಟೆ ತೋರಿಸ್ತೀಯ?" ಎಂದು ಮಗಳು ನಗುತ್ತಾಳೆ. ನಗುವಂಥದ್ದೇ. ಆದರೆ ಆ ಅಂಗಡಿ ಬಿಟ್ಟು ಆರು ವರ್ಷವಾದರೂ ನನ್ನ ಮೊಣಕಾಲು ಇನ್ನೂ ಆ ಯಜಮಾನನ ಕೆಲಸದಲ್ಲೇ ಇದೆ.

ಹುಡುಗಿ ಜೂನಿಯರ್ ವಕೀಲೆ. ಕರಿ ಕೋಟನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡಿದ್ದಳು. ನನ್ನ ಜೊತೆ ನೆಲಕ್ಕೆ ಬಗ್ಗಿ ಗುಂಡಿ ಆರಿಸುತ್ತಲೇ ವಿಷಯ ಹೇಳಿದಳು.

"ನಮ್ಮ ಸಾರ್‌ಗೆ ಪ್ರಶಸ್ತಿ ಬಂದಿದೆ ಅಮ್ಮಾ. ಕಾರ್ಮಿಕ ಕೇಸು ನಡೆಸೋ ವಕೀಲರದ್ದೇ ಒಂದು ದೊಡ್ಡ ಸಂಘ ಇದೆ, ಅವರು ಕೊಡೋದು. ವರ್ಷಕ್ಕೆ ಒಬ್ಬರಿಗೆ ಮಾತ್ರ. ನಿಮ್ಮ ಸ್ಟೂಲ್ ಕೇಸಿಗೇ ಬಂದಿದ್ದು!"

"ಒಳ್ಳೇದಾಯ್ತು ಬಿಡಮ್ಮಾ."

"ಮಂತ್ರಿ ಕೈಯಿಂದ ಬೇಡ, ಆ ಅಮ್ಮನ ಕೈಯಿಂದಲೇ ತಗೋತೀನಿ ಅಂತ ಸಾರ್ ಹಟ ಹಿಡಿದಿದ್ದಾರೆ. ನೀವು ಬರಲೇಬೇಕು."

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಒಳಗಿನ ಕೋಣೆಯಲ್ಲಿ ನನ್ನ ಮಗಳು ಗೋಡೆಗೆ ಕಾಲೆತ್ತಿ ಮಲಗಿದ್ದಳು. ಅವಳ ಕೆಲಸ ಹೋಗಿ ವಾರವಾಗಿತ್ತು. ಕೂತಿದ್ದಕ್ಕೆ ಹೋಗಿತ್ತು.

ಸ್ಟೂಲ್ ಕೇಸು ಅಂದರೆ ಇಷ್ಟೇ. ನಮ್ಮದು ನಾಲ್ಕು ಮಹಡಿಯ ಬಟ್ಟೆ ಅಂಗಡಿ. ಬಾಗಿಲು ತೆರೆಯುವ ಮುಂಚೆ ಹೋಗಿ ಸುತ್ತಿಟ್ಟ ಬಟ್ಟೆ ಥಾನುಗಳ ಧೂಳು ಹೊಡೆಯಬೇಕು. ಬಾಗಿಲು ಮುಚ್ಚಿದ ಮೇಲೆ ಬಿಚ್ಚಿದ್ದನ್ನೆಲ್ಲ ಮಡಚಬೇಕು. ನಡುವೆ ದಿನವೆಲ್ಲ ನಿಂತಿರಬೇಕು. ಗಿರಾಕಿ ಇದ್ದರೂ ನಿಲ್ಲಬೇಕು, ಇಲ್ಲದಿದ್ದರೂ ನಿಲ್ಲಬೇಕು. ಗೋಡೆಗೆ ಒರಗಬಾರದು. ಕೌಂಟರಿಗೆ ಮೊಣಕೈ ಊರಬಾರದು. ಕೂರುವುದಕ್ಕೆ ಇದ್ದದ್ದು ಒಂದೇ ಜಾಗ, ಕಕ್ಕಸು. ಅಲ್ಲಿ ಹೋಗಿ ಕೂತು ಕಣ್ಣು ಮುಚ್ಚಿಕೊಳ್ಳುತ್ತಿದ್ದೆವು. ಹೊರಗಿನಿಂದ ಇನ್ನೊಬ್ಬಳು ಬಾಗಿಲು ಬಡಿಯುತ್ತಿದ್ದಳು. ಅವಳಿಗೂ ಕೂರಬೇಕಿತ್ತು.

ನನ್ನ ಮೀನಖಂಡದ ನರಗಳು ಉಬ್ಬಿ, ಹಗ್ಗಕ್ಕೆ ಗಂಟು ಹಾಕಿದ ಹಾಗಾದವು. ಒಂದು ದಿನ ಗಿರಾಕಿಯೊಬ್ಬಳಿಗೆ ಥಾನು ಬಿಚ್ಚಿ ತೋರಿಸುತ್ತಿದ್ದಾಗ ಒಂದು ನರ ಒಡೆಯಿತು. ಬಿಸಿಬಿಸಿ ರಕ್ತ ಚಪ್ಪಲಿಗೆ ಇಳಿಯಿತು. ಕಣ್ಣು ಕತ್ತಲೆ ಬಂದು ಪಕ್ಕದಲ್ಲಿದ್ದ ಬಟ್ಟೆ ಮೂಟೆಯ ಮೇಲೆ ಕೂತುಬಿಟ್ಟೆ. ಗಿರಾಕಿಯ ಎದುರಿಗೆ ಕೂತಳು ಎಂದು ಅವತ್ತೇ ತೆಗೆದುಹಾಕಿದರು. ಹೋಗುವ ಮುಂಚೆ ಮೂಟೆಗೆ ಹತ್ತಿದ್ದ ರಕ್ತವನ್ನು ನನ್ನ ಕೈಯಲ್ಲೇ ಒರೆಸಿಸಿದರು.

ಆಗ ಸಿಕ್ಕವರು ಈ ವಕೀಲರು. ಆಗ ಇಷ್ಟು ದೊಡ್ಡವರಲ್ಲ. ನನ್ನಿಂದ ಫೀಸು ಮುಟ್ಟಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಗಂಟಲು ಹರಿಯುವ ಹಾಗೆ ವಾದ ಮಾಡಿದರು. "ಕೂರುವುದು ಯಾರ ದಯೆಯೂ ಅಲ್ಲ" ಎಂದು ಮೇಜು ಬಡಿದು ಹೇಳಿದಾಗ ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದೆ. ನನಗಾಗಿ ಅಷ್ಟು ಜೋರಾಗಿ ಯಾರೂ ಮಾತಾಡಿರಲಿಲ್ಲ.

ಯಜಮಾನನ ಕಡೆಯ ವಕೀಲ ಬೇರೆ ಒಬ್ಬ, ಬಿಳಿ ಹುಬ್ಬಿನವನು. ಪಾಟೀಸವಾಲಿನಲ್ಲಿ ಕೇಳಿದ, "ಮನೇಲಿ ಒಲೆ ಮುಂದೆ ನಿಲ್ಲೋದಿಲ್ವೇನಮ್ಮಾ? ಗಂಡನ ಮೇಲೂ ಕೇಸು ಹಾಕ್ತೀಯಾ?" ಕೋರ್ಟಿನವರೆಲ್ಲ ನಕ್ಕರು. ನನ್ನ ಗಂಡ ಸತ್ತು ಆಗಲೇ ಬಹಳ ಕಾಲವಾಗಿತ್ತು. ಅದಕ್ಕೆ ನಮ್ಮ ವಕೀಲರು ಸಿಡಿದರು. ಸಿಡಿದ ಬಿಸಿಯಲ್ಲೇ ನನ್ನ ಕಡೆ ತಿರುಗಿ, "ಅಮ್ಮಾ, ಕಾಲು ತೋರಿಸಿ" ಅಂದರು. ಅಷ್ಟು ಜನ ಗಂಡಸರ ಮುಂದೆ ನಾನು ಮೊಣಕಾಲಿನ ತನಕ ಬಟ್ಟೆ ಎತ್ತಿ ನಿಂತೆ. ಯಾರೋ ಫೋಟೋ ತೆಗೆದರು. ಮುಖ ಇಲ್ಲ, ಬರೀ ಕಾಲು. ಆ ಫೋಟೋ ಇಟ್ಟುಕೊಂಡು ವಕೀಲರು ಎಲ್ಲೆಲ್ಲೋ ಭಾಷಣ ಮಾಡಿದರಂತೆ. ಹೊಸ ವಕೀಲರಿಗೆ ಪಾಠ ಮಾಡುವಾಗಲೂ ತೋರಿಸುತ್ತಾರಂತೆ. ನನಗಿಂತ ನನ್ನ ಕಾಲೇ ಹೆಚ್ಚು ಊರು ನೋಡಿದೆ.

ಕೇಸು ಗೆದ್ದೆವು. ಅಂಗಡಿಗಳಲ್ಲಿ ಕೆಲಸದವರಿಗೆ ಸ್ಟೂಲ್ ಇಡಲೇಬೇಕು ಎಂದು ಆದೇಶವಾಯಿತು. ನನ್ನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದೂ ನಾವು ಕೇಳಿದ್ದೆವು. ಅದನ್ನು ವಕೀಲರೇ ಕೊನೆಯಲ್ಲಿ ಬಿಟ್ಟುಕೊಟ್ಟರು.

"ಒಬ್ಬರ ಕೆಲಸಕ್ಕೆ ಜೋತು ಬಿದ್ರೆ ದೊಡ್ಡ ವಿಷಯ ಕೈ ತಪ್ಪಿ ಹೋಗುತ್ತೆ ಅಮ್ಮಾ. ನಿಮ್ಮ ಬದಲು ಮಗಳನ್ನ ತಗೋತಾರೆ, ಮಾತಾಡಿದ್ದೀನಿ. ಅವಳು ಕೂತು ಕೆಲಸ ಮಾಡ್ತಾಳೆ, ನೀವು ನೋಡ್ತೀರಿ" ಅಂದಿದ್ದರು.

ನಾನು ತಲೆಯಾಡಿಸಿದ್ದೆ. ಮಗಳು ಕೂರುತ್ತಾಳೆ ಅಂದರೆ ಯಾವ ತಾಯಿ ಬೇಡ ಅನ್ನುತ್ತಾಳೆ?

ಮಗಳು ಸೇರಿದಳು. ಸ್ಟೂಲ್‌ಗಳು ಬಂದವು. ಪ್ರತಿ ಕೌಂಟರಿನ ಹಿಂದೆ ಒಂದೊಂದು, ಫಳಫಳ ಹೊಳೆಯುವಂಥವು. ತಪಾಸಣೆಯವರು ಬಂದು ಎಣಿಸಿಕೊಂಡು ಹೋದರು. ಅದರ ಹಿಂದೆಯೇ ಒಂದು ನಿಯಮವೂ ಬಂತು. ಗಿರಾಕಿ ಇಲ್ಲದಾಗ ಮಾತ್ರ ಕೂರಬೇಕು. ಗಿರಾಕಿ ಅಂದರೆ ಕೌಂಟರಿನ ಎದುರಿಗೆ ಇರುವವರಷ್ಟೇ ಅಲ್ಲ. ಕಟ್ಟಡದೊಳಗೆ ಕಾಲಿಟ್ಟವರೆಲ್ಲ ಗಿರಾಕಿ. ನಾಲ್ಕನೇ ಮಹಡಿಯಲ್ಲಿ ಯಾವನೋ ಒಬ್ಬ ಕರವಸ್ತ್ರ ನೋಡುತ್ತಿದ್ದರೂ ಕೆಳಗಿನ ಮಹಡಿಯ ಹುಡುಗಿಯರು ನಿಂತಿರಬೇಕು. ನಾಲ್ಕು ಮಹಡಿಯೂ ಖಾಲಿಯಾಗುವುದು ಬಾಗಿಲು ಮುಚ್ಚಿದಾಗ ಮಾತ್ರ.

ನನ್ನ ಮಗಳು ಸ್ಟೂಲಿನ ಪಕ್ಕದಲ್ಲಿ ನಿಂತು ದುಡಿದಳು. ನನಗಾದರೂ ನೋಡಿ ಆಸೆಪಡಲು ಏನೂ ಇರಲಿಲ್ಲ. ಅವಳ ಕಣ್ಣೆದುರಿಗೇ ಸ್ಟೂಲ್ ಇತ್ತು. ಇದು ಯಾವ ದೆವ್ವದ ತಲೆಯಲ್ಲಿ ಹುಟ್ಟಿದ ನಿಯಮವೋ ಎಂದು ನಾವಿಬ್ಬರೂ ಯಜಮಾನನನ್ನು ಬಾಯಿಗೆ ಬಂದ ಹಾಗೆ ಬೈದುಕೊಳ್ಳುತ್ತಿದ್ದೆವು.

ನಿಯಮ ಕಾಯುವುದಕ್ಕೆ ಒಬ್ಬ ಮೇಲ್ವಿಚಾರಕ ಇದ್ದ. ಹುಡುಗಿಯರು ಅವನಿಗೆ ಥರ್ಮಾಮೀಟರ್ ಎಂದು ಹೆಸರಿಟ್ಟಿದ್ದರು. ಅವನು ಸದ್ದಿಲ್ಲದೆ ಬಂದು ಸ್ಟೂಲಿನ ಮೇಲೆ ಅಂಗೈ ಇಡುತ್ತಿದ್ದ. ತಣ್ಣಗಿದ್ದರೆ ಮುಂದೆ ಹೋಗುತ್ತಿದ್ದ. ಬೆಚ್ಚಗಿದ್ದರೆ, "ಯಾರಮ್ಮಾ ಮೊಟ್ಟೆ ಇಟ್ಟೋರು?" ಎಂದು ಎಲ್ಲರ ಮುಂದೆ ಕೇಳುತ್ತಿದ್ದ. ಹುಡುಗಿಯರು ತಲೆ ತಗ್ಗಿಸುತ್ತಿದ್ದರು. ಅವನ ಅಂಗೈ ಸ್ಟೂಲಿನ ಮೇಲಿದ್ದರೂ ತಮ್ಮ ಮೈ ಮೇಲೇ ಇಟ್ಟಂತೆ ಆಗುತ್ತಿತ್ತು ಎಂದು ಮಗಳು ಹೇಳಿದ್ದಳು. ಕಳೆದ ವಾರ ಅವಳ ಸ್ಟೂಲ್ ಬೆಚ್ಚಗೆ ಸಿಕ್ಕಿತು. ಅವಳಿಗೂ ನನ್ನದೇ ನರ, ನನ್ನದೇ ಕಾಲು. ತಡೆಯಲಾಗದೆ ಎರಡು ಗಳಿಗೆ ಕೂತಿದ್ದಳು. ಕೈಚೀಲ ಕೊಟ್ಟು ಹೊರಗೆ ಕಳಿಸಿದರು.

ಇದೆಲ್ಲ ಜೂನಿಯರ್‌ಗೆ ಗೊತ್ತಿತ್ತು. ಕೊನೆಯ ಗುಂಡಿಯನ್ನು ನನ್ನ ಕೈಗೆ ಕೊಟ್ಟು ಮೆಲ್ಲಗೆ ಹೇಳಿದಳು.

"ನಿಮ್ಮ ಮಗಳ ವಿಷಯ ಸಾರ್ ಯಜಮಾನರ ಹತ್ರ ಮಾತಾಡಿದ್ದಾರೆ. ಯಜಮಾನರೂ ಅವತ್ತು ಬರ್ತಾರೆ. ಕಾರ್ಯಕ್ರಮ ಚೆನ್ನಾಗಿ ಆದ್ರೆ ಮಾರನೇ ದಿನವೇ ಕೆಲಸಕ್ಕೆ ತಗೋತಾರಂತೆ."

"ಚೆನ್ನಾಗಿ ಆಗೋದು ಅಂದ್ರೆ?"

"ನೀವು ಶೀಲ್ಡ್ ಕೊಟ್ಟು ನಾಲ್ಕು ಮಾತು ಹೇಳಬೇಕು. ಅವಳೂ ಬರಬೇಕು, ಯೂನಿಫಾರಂ ಹಾಕ್ಕೊಂಡು. ಸ್ವಾಗತಕ್ಕೆ ಅಂಗಡಿ ಹುಡುಗಿಯರನ್ನೇ ಕಳಿಸ್ತಿದ್ದಾರೆ. ಕಾರ್ಯಕ್ರಮದ ಖರ್ಚೆಲ್ಲ ಯಜಮಾನರದ್ದೇ."

"ಪ್ರಶಸ್ತಿ ನಮ್ಮ ವಕೀಲರಿಗೆ, ಖರ್ಚು ಅವನದ್ದಾ?"

ಹುಡುಗಿ ಕೋಟಿನ ಮೇಲಿನ ಇಲ್ಲದ ಧೂಳು ಕೊಡವಿದಳು. "ಪ್ರಾಯೋಜಕರು ಅಮ್ಮಾ," ಅಂದಳು. "ನನಗೂ ಅಷ್ಟೇ ಗೊತ್ತಿರೋದು."

ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಸಿದಳು. "ನಾನು ನಿಂತಿದ್ದೆ. ಸಾರ್ ನನ್ನನ್ನು ಕೂರಿಸಿದರು. ಇವತ್ತು ನನ್ನ ಮಗಳು ತಲೆ ಎತ್ತಿ, ಕೂತು ದುಡಿಯುತ್ತಿದ್ದಾಳೆ."

"ಎಲ್ಲಿ ಕೂತು ದುಡೀತಿದ್ದಾಳೆ? ಒಳಗೆ ಮಲಗಿದ್ದಾಳೆ ನೋಡು" ಅಂದೆ.

ಒಳಗಿನಿಂದ ಮಗಳ ದನಿ ಬಂತು. "ಹೇಳಿಬಿಡಮ್ಮಾ. ಮಾತಿಗೇನು ಬಾಡಿಗೆನಾ? ನನ್ನ ಕೆಲಸ ಸಿಗುತ್ತಲ್ಲ."

ನಾನು ಹೊಲಿಯುವ ಗುಂಡಿಯಿಂದ ಇಬ್ಬರ ಹೊಟ್ಟೆ ತುಂಬುವುದಿಲ್ಲ. ನಾಲ್ಕು ಮಾತು ಹೇಳಿದರೆ ಮಗಳ ಅನ್ನ ಮರಳಿ ಬರುತ್ತದೆ. ಹೇಳಬೇಕು ಅಷ್ಟೇ. ಗುಂಡಿ ಹೊಲಿಯುತ್ತ ಹೊಲಿಯುತ್ತ ಹೇಳಿಕೊಂಡೆ. ಒಂದೊಂದು ಸಲ ಹೇಳಿದಾಗಲೂ ಎಂಜಲು ನುಂಗಿದ ಹಾಗಾಗುತ್ತಿತ್ತು.

ಕಾರ್ಯಕ್ರಮದ ದಿನ ಹೋದದ್ದು ಹೋಟೆಲಿನ ದೊಡ್ಡ ಹಾಲಿಗೆ. ಕಾಲಿಟ್ಟರೆ ಹೂತು ಹೋಗುವಂಥ ಜಮಖಾನೆ. ತುಂಬ ಕರಿ ಕೋಟುಗಳು. ಕೆಲಸದವರ ಪರ ವಾದ ಮಾಡುವವರು, ಮಾಲೀಕರ ಪರ ವಾದ ಮಾಡುವವರು, ಎಲ್ಲ ಅಲ್ಲಿದ್ದರು. ಕೋರ್ಟಿನಲ್ಲಿ ಹಾವು ಮುಂಗುಸಿಯ ಹಾಗೆ ಬುಸುಗುಡುತ್ತಿದ್ದವರು ಇಲ್ಲಿ ಹೆಗಲ ಮೇಲೆ ಕೈ ಹಾಕಿಕೊಂಡು, ಒಬ್ಬರ ತಟ್ಟೆಯಿಂದ ಒಬ್ಬರು ತಿಂಡಿ ಎತ್ತಿಕೊಂಡು ತಿನ್ನುತ್ತಿದ್ದರು. ಬಿಳಿ ಹುಬ್ಬಿನವನು ನನ್ನನ್ನು ನೋಡಿದ್ದೇ ಎರಡೂ ಕೈ ಚಾಚಿದ.

"ಓಹೋ, ನಮ್ಮ ಸ್ಟೂಲಮ್ಮ! ಚೆನ್ನಾಗಿದ್ದೀರಾ? ಬನ್ನಿ ಬನ್ನಿ, ಇವರೇ ನೋಡ್ರಪ್ಪಾ ಆ ಕಾಲಿನವರು."

ಸುತ್ತ ನಿಂತವರು ನನ್ನ ಮುಖ ನೋಡಲಿಲ್ಲ. ಕೆಳಗೆ ನೋಡಿದರು. ನಾನು ಬಟ್ಟೆಯ ಅಂಚನ್ನು ಪಾದದ ತನಕ ಎಳೆದುಕೊಂಡೆ. ಅವನ ಕೆನ್ನೆಗೆ ಒಂದು ಬಾರಿಸಬೇಕು ಅನ್ನಿಸಿತು. ಗೋಡೆಯ ಕಡೆ ತಿರುಗಿಕೊಂಡೆ. ಗೋಡೆಗುಂಟ ಅಂಗಡಿಯ ಹುಡುಗಿಯರು ಸಾಲಾಗಿ ನಿಂತಿದ್ದರು. ಅದೇ ಯೂನಿಫಾರಂ, ಹಿಮ್ಮಡಿ ಎತ್ತರದ ಬೂಟು, ಕಿವಿಯ ತನಕ ಎಳೆದಿಟ್ಟ ನಗು. ಸಾಲಿನ ತುದಿಯಲ್ಲಿ ನನ್ನ ಮಗಳು. ಸಾಲಿನ ಹಿಂದೆ ಥರ್ಮಾಮೀಟರ್. ಅವನು ಅಲ್ಲೂ ಬಂದಿದ್ದ.

ನನ್ನನ್ನು ವೇದಿಕೆಯ ಪಕ್ಕದ ಪರದೆಯ ಹಿಂದೆ ಕರೆದುಕೊಂಡು ಹೋದರು. ಕಿವಿಗೆ ತಂತಿ ಸಿಕ್ಕಿಸಿಕೊಂಡಿದ್ದ ಹೆಂಗಸೊಬ್ಬಳು ಶೀಲ್ಡನ್ನು ನನ್ನ ಕೈಗೆ ಕೊಟ್ಟಳು. ಮರದ ಹಲಗೆಯ ಮೇಲೆ ಹಿತ್ತಾಳೆಯ ತಗಡು ಹೊಡೆದದ್ದು. ಹಿಡಿದರೆ ರಟ್ಟೆ ಇಳಿಯುವಷ್ಟು ಭಾರ. ಅದರ ಮೇಲೆ ಅಕ್ಷರ ಕೊರೆದಿದ್ದರು. ಕೂರುವುದು ಯಾರ ದಯೆಯೂ ಅಲ್ಲ.

"ಇಲ್ಲೇ ನಿಂತಿರಿ ಆಂಟಿ. ಹೆಸರು ಕರೆದಾಗ ಹೋಗಿ."

ವೇದಿಕೆಯ ಮೇಲೆ ದೀಪ, ಸ್ವಾಗತ, ಒಬ್ಬರಾದ ಮೇಲೆ ಒಬ್ಬರ ಭಾಷಣ. ನಿಂತೆ. ಪಾದ ಮೊದಲು ಜುಮ್ಮೆಂದಿತು. ಆಮೇಲೆ ಮೀನಖಂಡದಲ್ಲಿ ಇರುವೆ ಹರಿದವು. ಆಮೇಲೆ ಅಲ್ಲೆಲ್ಲ ಸೀಸ ಕಾಸಿ ಹೊಯ್ದ ಹಾಗಾಯಿತು. ಈ ಕ್ರಮ ನನಗೆ ಬಾಯಿಪಾಠ.

"ಒಂದು ಕುರ್ಚಿ ಸಿಗುತ್ತಾಮ್ಮಾ?" ಎಂದು ಆ ಹೆಂಗಸನ್ನು ಕೇಳಿದೆ.

"ಇನ್ನೈದು ನಿಮಿಷ ಆಂಟಿ. ಇಲ್ಲಿ ಕುರ್ಚಿ ಇಟ್ರೆ ವಿಡಿಯೋದಲ್ಲಿ ಕಾಣುತ್ತೆ."

ಅದೇ ಐದು ನಿಮಿಷವನ್ನು ಅವಳು ಮತ್ತೆ ಮತ್ತೆ ಹೇಳಿದಳು. ವೇದಿಕೆಯ ಮೇಲೆ ಕೆಂಪು ವೆಲ್ವೆಟ್ಟಿನ ಕುರ್ಚಿಗಳಿದ್ದವು. ಒಂದೊಂದರಲ್ಲಿ ಇಬ್ಬರು ಆರಾಮಾಗಿ ಕೂರಬಹುದು. ನಡುವಿನ ಕುರ್ಚಿಯಲ್ಲಿ ನಮ್ಮ ವಕೀಲರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಜೂನಿಯರ್ ಹುಡುಗಿ ಅವರ ಕುರ್ಚಿಯ ಹಿಂದೆ ನೀರಿನ ಬಾಟಲಿ ಹಿಡಿದು ನಿಂತಿದ್ದಳು.

ವಕೀಲರ ಸಾಧನೆಗಳನ್ನು ಓದಿದರು. ಎಷ್ಟು ಕೇಸು, ಎಷ್ಟು ತೀರ್ಪು, ಯಾವ ಯಾವ ಸಮಿತಿ. ಚಪ್ಪಾಳೆ. ಆಮೇಲೆ ಯಜಮಾನ ಮೈಕಿನ ಮುಂದೆ ಬಂದ. ಹೊಟ್ಟೆ ಸ್ವಲ್ಪ ಬೆಳೆದಿತ್ತು. ಉಳಿದದ್ದೆಲ್ಲ ಹಾಗೇ ಇತ್ತು.

"ಎಲ್ಲರೂ ಕೇಳ್ತಾರೆ, ನಿಮ್ಮ ಮೇಲೆ ಕೇಸು ಗೆದ್ದೋರಿಗೆ ನೀವ್ಯಾಕೆ ಸನ್ಮಾನ ಮಾಡಿಸ್ತಿದ್ದೀರಿ ಅಂತ," ಅಂದ. "ಹೇಳ್ತೀನಿ ಕೇಳಿ. ಆದೇಶ ಬಂದ ದಿನ ನಾವು ಅಂಗಡಿ ಮಾಲೀಕರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ವಿ. ಹುಡುಗೀರು ಕೂತುಬಿಟ್ರೆ ವ್ಯಾಪಾರ ಮಾಡೋರು ಯಾರು? ಕೊನೆಗೆ ಇವರ ಮನೆಗೇ ಹೋದ್ವಿ. ಗಾಯ ಮಾಡಿದೋರು ನೀವೇ, ಮುಲಾಮು ಹಚ್ಚಿ ಅಂದ್ವಿ. ಇವರು ನಕ್ಕು ಹೇಳಿದ್ರು. ಆದೇಶ ಸರಿಯಾಗಿ ಓದಿ, ಗಿರಾಕಿ ಇಲ್ಲದಾಗ ಕೂರಬಹುದು ಅಂತ ಇದೆ. ಗಿರಾಕಿ ಅಂದ್ರೆ ಯಾರು? ಕಟ್ಟಡದ ಒಳಗೆ ಕಾಲಿಟ್ಟೋರೆಲ್ಲ ಗಿರಾಕಿ!"

ಹಾಲಿನಲ್ಲಿ ನಗುವಿನ ಅಲೆ ಎದ್ದಿತು.

"ನಾಲ್ಕನೇ ಮಹಡೀಲಿ ಒಬ್ಬ ಇದ್ರೆ ಕೆಳಗೂ ಗಿರಾಕಿ ಇದ್ದ ಹಾಗೇ! ಎಂಥ ತಲೆ ಅಂತೀನಿ! ಕೆಲಸದೋರಿಗೆ ಸ್ಟೂಲೂ ಸಿಕ್ತು, ನಮ್ಮ ವ್ಯಾಪಾರಕ್ಕೆ ಕೂದಲಷ್ಟೂ ತೊಂದರೆ ಆಗಲಿಲ್ಲ. ಇವತ್ತು ನಮ್ಮ ಮಾಲೀಕರ ಸಂಘದ ಎಲ್ಲ ಅಂಗಡಿಗಳಿಗೂ ಇವರೇ ಸಲಹೆಗಾರರು."

ವಕೀಲರು ನಾಚಿಕೊಂಡವರ ಹಾಗೆ ತಲೆ ಅಲ್ಲಾಡಿಸಿದರು. ಪಕ್ಕದ ಕುರ್ಚಿಯಲ್ಲಿದ್ದ ಬಿಳಿ ಹುಬ್ಬಿನವನು ಅವರ ಬೆನ್ನು ತಟ್ಟಿದ. ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು.

ನನ್ನ ಮೈ ಉರಿದು ಹೋಯಿತು. ನಾವು ಬೈದ ಆ ದೆವ್ವ ಈ ದೇವರೇ. ನನ್ನ ಬಟ್ಟೆ ಎತ್ತಿಸಿ ನನ್ನ ಕಾಲಿನಿಂದ ಕೇಸು ಗೆದ್ದ ಮನುಷ್ಯ, ಆಮೇಲೆ ಯಜಮಾನನ ಪಕ್ಕ ಕೂತು ನನ್ನ ಮಗಳ ಕಾಲಿಗೆ ನಿಯಮ ಬರೆದಿದ್ದಾನೆ. ಕೂತೇ ಬರೆದಿರಬೇಕು. ಮೆತ್ತನೆಯ ಕುರ್ಚಿಯಲ್ಲಿ. ಥರ್ಮಾಮೀಟರಿನ ಅಂಗೈಯನ್ನು ನನ್ನ ಮಗಳ ಸ್ಟೂಲಿನ ಮೇಲೆ ತಂದಿಟ್ಟವನು ಇವನೇ. ಇವನಿಗೆ ನಾನು ಶೀಲ್ಡ್ ಕೊಡಬೇಕು.

ನನ್ನನ್ನು ಕರೆದರು. ಹೋದೆ. ವೇದಿಕೆಯ ಹಿಂದಿನ ದೊಡ್ಡ ಪರದೆಯ ಮೇಲೆ ಆ ಫೋಟೋ, ನನ್ನ ಕಾಲು ಬಂತು. ಆಳೆತ್ತರದ ಕಾಲು. ಒಂದೊಂದು ಗಂಟೂ ತಟ್ಟೆಯಷ್ಟು ದೊಡ್ಡದು. ಮುಂದಿನ ಸಾಲಿನಲ್ಲಿ ತಿನ್ನುತ್ತಿದ್ದವನೊಬ್ಬ ಮುಖ ಸಿಂಡರಿಸಿಕೊಂಡು ತಟ್ಟೆ ಕೆಳಗಿಟ್ಟ.

ವಕೀಲರು ಕುರ್ಚಿಯಿಂದ ಎದ್ದು ಮೈಕಿನ ಹತ್ತಿರ ಬಂದರು. ಕಣ್ಣಲ್ಲಿ ನೀರಿತ್ತು. ನಾಟಕವಲ್ಲ, ನಿಜವಾದ ನೀರು. ಅದನ್ನು ಕಂಡು ನನಗೆ ಇನ್ನೂ ಸಿಟ್ಟು ಬಂತು.

"ಹೇಳಿ ಅಮ್ಮಾ," ಅಂದರು ಪ್ರೀತಿಯಿಂದ.

ನಾನು ಮಗಳ ಕಡೆ ನೋಡಿದೆ. ಅವಳ ಮುಖದಲ್ಲಿ ಆ ಎಳೆದಿಟ್ಟ ನಗು ಇರಲಿಲ್ಲ. ಯಜಮಾನನ ಮಾತನ್ನು ಅವಳೂ ಕೇಳಿದ್ದಳು. ಆದರೆ ಅವಳ ಕೆಲಸ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿಬಿಡು ಎಂದುಕೊಂಡೆ. ಮೂರು ಸಾಲು. ಉಗುಳು ನುಂಗಿ ಹೇಳಿಬಿಡು.

"ನಾನು ನಿಂತಿದ್ದೆ," ಅಂದೆ.

ಮೈಕಿನಲ್ಲಿ ನನ್ನ ದನಿ ಯಾರದೋ ದನಿಯ ಹಾಗೆ ಕೇಳಿತು. ಮುಂದಿನದು ಬರಲಿಲ್ಲ. ಬಾಯಿಪಾಠ ಮರೆತಿರಲಿಲ್ಲ.

ವಕೀಲರು ನನ್ನ ಕಿವಿಯ ಹತ್ತಿರ ಬಗ್ಗಿ ಎತ್ತಿಕೊಟ್ಟರು. "ಸಾರ್ ನನ್ನನ್ನು..."

"ನಾನು ನಿಂತಿದ್ದೆ," ಎಂದು ಮತ್ತೆ ಹೇಳಿದೆ. "ಅಲ್ಲಿ, ಆ ಪಕ್ಕದ ಪರದೆ ಹಿಂದೆ. ಇಷ್ಟು ಹೊತ್ತೂ ನಿಂತಿದ್ದೆ. ನಿಮ್ಮ ಶೀಲ್ಡ್ ಹಿಡ್ಕೊಂಡು ನಿಂತಿದ್ದೆ. ಒಂದು ಕುರ್ಚಿ ಕೇಳಿದೆ, ಕೊಡಲಿಲ್ಲ."

ಕೆಲವರು ನಕ್ಕರು. ತಮಾಷೆ ಅಂದುಕೊಂಡರು. ನಾನು ತಿರುಗಿದೆ. ನಡುವಿನ ಕುರ್ಚಿ ಖಾಲಿ ಇತ್ತು. ಹೋಗಿ ಕೂತೆ. ಕುರ್ಚಿ ಬೆಚ್ಚಗಿತ್ತು. ವಕೀಲರು ಕೂತು ಎದ್ದ ಬಿಸಿ.

ಕುರ್ಚಿ ಎತ್ತರ, ನನ್ನ ಕಾಲು ನೆಲಕ್ಕೆ ಮುಟ್ಟಲಿಲ್ಲ. ತೂಗಾಡುವ ಕಾಲಿಗೆ ರಕ್ತ ಇಳಿಯುತ್ತದೆ, ಹಾಗೆ ಕೂರಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ. ಶೀಲ್ಡನ್ನು ಕೆಳಗೆ ಮಲಗಿಸಿದೆ. ಚಪ್ಪಲಿ ಬಿಟ್ಟು ಅದರ ಮೇಲೆ ಎರಡೂ ಪಾದ ಊರಿದೆ. ಹಿತ್ತಾಳೆ ತಣ್ಣಗೆ ಹಿತವಾಗಿತ್ತು.

ನಗು ನಿಂತಿತು.

"ಅಮ್ಮಾ, ಏನಿದು?" ವಕೀಲರ ದನಿ ಇಳಿದಿತ್ತು. ಮೈಕಿಗೆ ಕೈ ಅಡ್ಡ ಹಿಡಿದಿದ್ದರು. "ನಿಮ್ಮ ಮಗಳ ಕೆಲಸ ನೆನಪಿದೆಯಲ್ಲಾ?"

ಮೈಕು ಬೇಕಾಗಲಿಲ್ಲ. ಹದಿನಾರು ವರ್ಷ ಗಿರಾಕಿಗಳನ್ನು ಕೂಗಿ ಕರೆದ ಗಂಟಲು ನನ್ನದು.

"ನೆನಪಿದೆ ಸಾರ್. ಅದಕ್ಕೇ ಕೂತಿದ್ದೀನಿ. ಆ ಪರದೆ ಮೇಲೆ ಇರೋ ಕಾಲು ನಂದು. ಅದನ್ನ ತೋರಿಸಿ ಗೆದ್ರಿ. ಗೆದ್ದಿದ್ದನ್ನ ತಗೊಂಡು ಹೋಗಿ ಇವರಿಗೇ ಮಾರಿದ್ರಿ. ನನ್ನ ಮಗಳ ಕಾಲೂ ಹೀಗೇ ಆಗಿದೆ. ಅದರ ಫೋಟೋನೂ ತೆಗೀರಿ, ಇನ್ನೊಂದು ಪ್ರಶಸ್ತಿ ಬರುತ್ತೆ."

"ಅಪಾರ್ಥ ಮಾಡ್ಕೊಂಡಿದ್ದೀರಿ. ಕಾನೂನು ಅಂದ್ರೆ ಎರಡೂ ಕಡೆ..."

"ಎರಡೂ ಕಡೆ ನೀವೇ ಕೂತಿದ್ದೀರಿ ಸಾರ್. ನಾವು ಎಲ್ಲಿ ಕೂರೋದು?"

ಬಿಳಿ ಹುಬ್ಬಿನವನು, "ಯಾರಾದ್ರೂ ಎಬ್ಬಿಸ್ರೀ ಇವಳನ್ನ" ಅಂದ. ಸ್ಟೂಲಮ್ಮ ಹೋಗಿ ಇವಳು ಆದೆ. ಯಜಮಾನ ಗೋಡೆಯ ಕಡೆ ಕೈಸನ್ನೆ ಮಾಡಿದ. ಥರ್ಮಾಮೀಟರ್ ಸಾಲಿನ ಹಿಂದಿನಿಂದ ಹೊರಟ. ಅವನಿಗಿಂತ ಮುಂಚೆ ಸಾಲಿನ ತುದಿಯಿಂದ ನನ್ನ ಮಗಳು ಹೊರಟಳು. ಆ ಎತ್ತರದ ಬೂಟಿನಲ್ಲಿ, ಕರಿ ಕೋಟುಗಳ ನಡುವೆ ನುಗ್ಗಿ, ಕುಂಟುತ್ತ, ಕೆಂಡದಂಥ ಮುಖ ಮಾಡಿಕೊಂಡು ಬಂದಳು.

ಅವಳ ಅನ್ನಕ್ಕೆ ನಾನು ಮಣ್ಣು ಹಾಕಿದ್ದೆ. ನನ್ನನ್ನು ರಟ್ಟೆ ಹಿಡಿದು ಎಬ್ಬಿಸುತ್ತಾಳೆ ಅಂದುಕೊಂಡೆ. ಎಬ್ಬಿಸಿದರೆ ಏಳುತ್ತಿದ್ದೆ. ಅವಳೊಬ್ಬಳು ಹೇಳಿದ್ದರೆ ಏಳುತ್ತಿದ್ದೆ.

ಅವಳು ನನ್ನ ಎದುರಿಗೆ ಬಂದು ಏದುಸಿರು ಬಿಡುತ್ತ ನಿಂತಳು.

"ನಿನ್ನ ಕೆಲಸ ಹೋಯ್ತು ಕಣೇ," ಅಂದೆ.

"ಗೊತ್ತು. ಸ್ವಲ್ಪ ಜರುಗು."

ಜರುಗಿದೆ. ಅವಳು ಪಕ್ಕದಲ್ಲಿ ಕೂತಳು. ಬಗ್ಗಿ ಒಂದು ಬೂಟು ಕಿತ್ತಳು, ಇನ್ನೊಂದು ಕಿತ್ತಳು. ಹಿಮ್ಮಡಿಯ ಗುಳ್ಳೆ ಒಡೆದು ಹಸಿಯಾಗಿತ್ತು. ಆ ಕಾಲನ್ನೂ ಶೀಲ್ಡಿನ ಮೇಲೆ ನನ್ನ ಕಾಲಿನ ಪಕ್ಕ ಇಟ್ಟಳು. ಈಗ ಪರದೆಯ ಮೇಲೆ ಎರಡು ಕಾಲು, ಕೆಳಗೆ ನಾಲ್ಕು ಕಾಲು.

ಥರ್ಮಾಮೀಟರ್ ವೇದಿಕೆ ಹತ್ತಿ ಬಂದ. ಅವನ ನೆರಳು ನನ್ನ ಮಡಿಲ ಮೇಲೆ ಬಿತ್ತು.

"ಏಳಿ," ಅಂದ.

ನನ್ನ ಮೊಣಕಾಲು ಮಿಸುಕಿತು. ನಾನು ಹೇಳಲಿಲ್ಲ, ಅದೇ ಮಿಸುಕಿತು. ತೊಡೆಯ ಸ್ನಾಯು ಬಿಗಿಯಾಯಿತು, ಹಿಮ್ಮಡಿ ಹಿತ್ತಾಳೆಯಿಂದ ಮೇಲೆದ್ದಿತು. ಇಷ್ಟು ಮಾತಾಡಿದ ಮೇಲೂ ನನ್ನ ಮೈ ಎದ್ದು ನಿಲ್ಲುವುದಕ್ಕೆ ಹೊರಟಿತ್ತು. ನನಗೆ ಅಳು ಬಂತು.

ಮಗಳು ನೋಡಿದಳು. ಅವಳಿಗೆ ಆ ಮೊಣಕಾಲು ಗೊತ್ತು. ನನ್ನ ತೊಡೆಯ ಮೇಲೆ ಕೈ ಇಟ್ಟಳು. ಇಟ್ಟು, ಭಾರ ಹಾಕಿ ಒತ್ತಿ ಹಿಡಿದಳು. ಆಮೇಲೆ ತಲೆ ಎತ್ತಿ ಅವನಿಗೆ ಹೇಳಿದಳು.

"ಸ್ಟೂಲ್ ಮುಟ್ಟಿ ನೋಡ್ತೀಯಲ್ಲ, ಇದನ್ನೂ ಮುಟ್ಟಿ ನೋಡು. ಬಿಸಿ ಇದೆ. ನಾವೇ ಕೂತಿರೋದು."

ಅವನ ಕೈ ಮುಂದೆ ಬರಲಿಲ್ಲ. ವಕೀಲರು ಯಜಮಾನನ ಮುಖ ನೋಡಿದರು, ಯಜಮಾನ ವಕೀಲರ ಮುಖ ನೋಡಿದ. ಇಬ್ಬರಿಗೂ ಕೂರುವುದಕ್ಕೆ ಜಾಗ ಇತ್ತು, ಯಾರೂ ಕೂರಲಿಲ್ಲ. ಕುರ್ಚಿಯ ಹಿಂದೆ ನಿಂತಿದ್ದ ಜೂನಿಯರ್ ನೀರಿನ ಬಾಟಲಿಯ ಮುಚ್ಚಳ ತೆಗೆದು ನಮ್ಮ ಕಡೆ ಚಾಚಿದಳು. ಮಗಳು ಒಂದು ಗುಟುಕು ಕುಡಿದು ನನಗೆ ಕೊಟ್ಟಳು.

ನಾನು ನಿಧಾನವಾಗಿ ಕುಡಿದೆ. ಮಗಳು ಕೈ ತೆಗೆದಳು. ಮೊಣಕಾಲು ಏಳಲಿಲ್ಲ.